ನಾಲ್ಕನೇ ನಂಬರಿನ ಗಡಿಯಾರ

ಯವ್ವಾ, ಇದನ್ನು ಬರೆಯಲೋ ಬೇಡವೋ ಎಂದು ಮೊದಲು ನಿನ್ನನ್ನೇ ಕೇಳಿದೆ. "ಬರಿ ಮುತ್ಯಾ. ನನ್ನ ಹೆಸರ ಬ್ಯಾಡ, ಗೆಳತಿ ಹೆಸರಂತೂ ಬ್ಯಾಡೇ ಬ್ಯಾಡ" ಅಂದಿ. ಹಾಗೇ ಆಗಲಿ. ಯಾದಗಿರಿ, ಶಹಾಪುರ, ಸುರಪುರದ ಕಡೆ ನಿನ್ನ ಹಾಗೆ ಈಗಷ್ಟೇ ಕೈಗೆ ಫೋನು ಬಂದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ನಿನಗೆ ಹೇಳುವ ಮಾತು ಅವರ ಕಿವಿಗೂ ಬೀಳಲಿ.

ದೀಪಾವಳಿ ಮುಗಿದು ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಜೋರಾಗಿದ್ದ ದಿನಗಳವು. ಶಹಾಪುರದ ಮನೆಯಲ್ಲಿ ನಿಮ್ಮಪ್ಪ ಹತ್ತಿಯ ದರ ನೋಡೋಣವೆಂದು ಫೋನ್ ತೆಗೆದ. ಬರೆಯುವ ಜಾಗದಲ್ಲಿ ಬೆರಳಿಡುತ್ತಲೇ ತಾನು ಎಂದೂ ಬರೆಯದ ಸಾಲುಗಳು ಕೆಳಗಿಳಿದವು. ಮದುವೆಗೆ ಹುಡುಗಿಗೆ ಎಷ್ಟು ವರ್ಷ ಆಗಿರಬೇಕು. ಮನೆಯವರು ಕೇಳದಿದ್ದರೆ ಪೊಲೀಸರ ಸಹಾಯ. ಶಹಾಪುರದಿಂದ ಕಲಬುರಗಿಗೆ ಕೊನೆಯ ಬಸ್ಸು. ಮೂರೇ ಸಾಲು. ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರೆ, ಮಗಳು ಯಾರದೋ ಜೊತೆ ಮನೆ ಬಿಟ್ಟು ಹೊರಟಿದ್ದಾಳೆ ಎಂಬ ಕಥೆ ತಾನಾಗಿ ಸಿದ್ಧ. ಅವನು ಏನೂ ಕೇಳಲಿಲ್ಲ, ಫೋನು ಕಸಿದುಕೊಂಡ. ಒಂಬತ್ತು ದಿನ ನೀನು ಕಾಲೇಜಿನ ಮುಖ ನೋಡಲಿಲ್ಲ.

ಹತ್ತನೇ ದಿನ ನನಗೆ ಫೋನ್ ಬಂತು. "ಅಪ್ಪಾ, ನೀ ಕಂಪ್ಯೂಟರ್ ಬಲ್ಲವ. ಈಕಿ ಇನ್ನೂ ಏನೇನ್ ನೋಡ್ಯಾಳ, ಪೂರಾ ತೆಗದು ಕೊಡು ಬಾ."

ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟುವಾಗ ನಿನ್ನ ನೆನಪಿಗಿಂತ ಇನ್ನೊಬ್ಬ ಹುಡುಗನ ನೆನಪೇ ಬಂತು. ಅವನ ಕಥೆ ನಿಮ್ಮ ಆಯಿಗೆ ಬಿಟ್ಟು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

2002ರಲ್ಲಿ ಯಾದಗಿರಿಯ ಸ್ಟೇಷನ್ ಕಡೆ ಆರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ತೆಗೆದೆ. ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯ ಒಂದು ತಾಲೂಕು. ತಾಸಿಗೆ 20 ರೂಪಾಯಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಸರದಿ ರಸ್ತೆಗೆ ಹೋಗುತ್ತಿತ್ತು. ಬಾಗಿಲ ಬಳಿ ಉದ್ದನೆಯ ರಿಜಿಸ್ಟರ್ ಇಟ್ಟಿದ್ದೆ: ಹೆಸರು, ಊರು, ಎಷ್ಟನೇ ನಂಬರಿನ ಕಂಪ್ಯೂಟರ್, ಬಂದ ಹೊತ್ತು, ಹೋದ ಹೊತ್ತು, ಸಹಿ. 2011ರಲ್ಲಿ ಕೇಂದ್ರ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮ ತಂದಿತು. ಗುರುತಿನ ಚೀಟಿ ನೋಡಬೇಕು, ಯಾವ ಜಾಲತಾಣ ತೆರೆದರು ಎಂಬ ದಾಖಲೆಯನ್ನು ಒಂದು ವರ್ಷ ಕಾಯ್ದಿಡಬೇಕು, ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು ಎಂದೆಲ್ಲ ಬಂತು. ನಾನು ಅದಕ್ಕೂ ಎಷ್ಟೋ ಮೊದಲೇ ಎಲ್ಲ ಬರೆದಿಡುತ್ತಿದ್ದೆ. ನನ್ನ ರಿಜಿಸ್ಟರ್ ಎಂದರೆ ನನಗೆ ಹೆಮ್ಮೆ.

2006ರ ಬೇಸಿಗೆಯ ಒಂದು ಸಂಜೆ ಒಬ್ಬ ಹಮಾಲಿ ಬಂದ. ಹತ್ತಿ ಮಿಲ್ಲಿನಲ್ಲಿ ದುಡಿಯುವವನು, ಮೈಮೇಲೆ ಇನ್ನೂ ಹತ್ತಿಯ ಎಳೆ ಇದ್ದವು. "ನನ್ನ ಮಗ ಇಲ್ಲಿ ಬಂದು ಏನ್ ನೋಡ್ತಾನ, ನನಗ ತೋರಸ್ರಿ" ಅಂದ. ರಿಜಿಸ್ಟರ್ ತಿರುವಿದೆ. ಅಂದು 4.45ರಿಂದ 5.45, ನಾಲ್ಕನೇ ನಂಬರು, ಹುಡುಗನ ಸಹಿ. ನಾಲ್ಕನೇ ನಂಬರಿನ ಮುಂದೆ ಕೂತು ಹಿಸ್ಟರಿ ತೆಗೆದೆ. ಐದು ಗಂಟೆಯ ಹೊತ್ತಿಗೆ ತಂದೆಯೊಬ್ಬ ನೋಡಬಾರದಂಥ ಪುಟಗಳು ಇದ್ದವು. ಬೆರಳಿಟ್ಟು ತೋರಿಸಿದೆ. ಅವನು ಮಾತಾಡದೆ ಎದ್ದು ಹೋದ.

ರಾತ್ರಿ ಷಟರ್ ಎಳೆಯುವ ಮೊದಲು ಒಂದೊಂದೇ ಕಂಪ್ಯೂಟರ್ ಆರಿಸುತ್ತ ಬಂದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು, ನಾಲ್ಕನೇ ನಂಬರಿನಲ್ಲಿ ಹತ್ತೂವರೆ. ಅದರ ಮದರ್‌ಬೋರ್ಡಿನ ಸೆಲ್ಲು ಸತ್ತಿತ್ತು. ಕರೆಂಟು ಹೋದಾಗಲೆಲ್ಲ ಅದರ ಹೊತ್ತು ದಿಕ್ಕು ತಪ್ಪುತ್ತಿತ್ತು, ಬಂದಾಗ ನಾನು ಕೈಯಾರೆ ಸರಿಮಾಡುತ್ತಿದ್ದೆ. ಅಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಒಂದೂವರೆ ತಾಸು ಮುಂದಿಟ್ಟಿದ್ದೆ. ಅಂದರೆ ಐದು ಗಂಟೆಯದೆಂದು ನಾನು ತೋರಿಸಿದ್ದು ನಿಜದಲ್ಲಿ ಮೂರೂವರೆಯದು. ಮೂರೂವರೆಗೆ ಆ ಕುರ್ಚಿಯಲ್ಲಿ ಇದ್ದವರೇ ಬೇರೆ, ಅವರ ಸಹಿಯೂ ರಿಜಿಸ್ಟರಿನಲ್ಲಿತ್ತು. ಹುಡುಗನ ತಾಸು ಅದೇ ಪಟ್ಟಿಯಲ್ಲಿ ಬೇರೆ ಕಡೆ ಇತ್ತು: ರೈಲ್ವೆ ನೇಮಕಾತಿಯ ಅರ್ಜಿ, ಕ್ರಿಕೆಟ್ ಸ್ಕೋರು.

ಆ ರಾತ್ರಿಯೇ ಹೋಗಬೇಕಿತ್ತು. ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅಂಗಡಿಯ ಹೆಸರು ಕೆಡುತ್ತದೆಂಬ ಭಯ. ಹನ್ನೆರಡನೇ ದಿನ ಹೋದಾಗ ಹುಡುಗ ಮನೆಯಲ್ಲಿ ಇರಲಿಲ್ಲ. ಬಾರುಕೋಲಿನಿಂದ ಬಡಿದು, ಸೋದರಮಾವನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಕಳಿಸಿಬಿಟ್ಟಿದ್ದರು. ಪುಸ್ತಕಗಳು ಗೂಡಿನಲ್ಲಿ ಹಾಗೇ ಇದ್ದವು. ನಡೆದದ್ದನ್ನೆಲ್ಲ ಆ ತಂದೆಗೆ ಹೇಳಿದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿ ಒಂದೇ ಮಾತು ಕೇಳಿದ: "ಕಂಪ್ಯೂಟರ್ ಸುಳ್ಳ ಹೇಳ್ತದೇನ್ರಿ?"

ಇಪ್ಪತ್ತು ವರ್ಷ ಆಯಿತು, ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಂಪ್ಯೂಟರ್ ಸುಳ್ಳು ಹೇಳಲಿಲ್ಲ. ಈ ಯಂತ್ರದಲ್ಲಿ, ಈ ಹೊತ್ತಿಗೆ, ಈ ಪುಟ ತೆರೆದಿತ್ತು ಎಂದಷ್ಟೇ ಹೇಳಿತು. ಆ ಹೊತ್ತೂ ನಾನೇ ಕೊಟ್ಟ ತಪ್ಪು ಹೊತ್ತು. ‘ನಿಮ್ಮ ಮಗ’ ಎಂಬ ಪದವನ್ನು ಸೇರಿಸಿದ್ದು ನಾನು.

ಶಹಾಪುರದ ಮನೆಯ ಕಟ್ಟೆಯ ಮೇಲೆ ನಿಮ್ಮಪ್ಪನನ್ನು ಕೂರಿಸಿಕೊಂಡು ಇದಿಷ್ಟೂ ಹೇಳಿದೆ. ಕೇಳಿದ ಮೇಲೆ ಎದ್ದು ಒಳಗೆ ಹೋಗಿ ನಿನ್ನನ್ನು ಕೇಳಿದ. ಒಂಬತ್ತು ದಿನ ಕೇಳದೇ ಇದ್ದದ್ದನ್ನು. ಮೊದಲ ಎರಡು ಸಾಲು ನಿನ್ನ ಕ್ಲಾಸಿನ ಗೆಳತಿಗಾಗಿ. 17 ವರ್ಷದ ಆಕೆಗೆ ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದರು. ಮೂರನೆಯದು ಕಲಬುರಗಿಯ ಆಸ್ಪತ್ರೆಗೆ ಹೊರಟಿದ್ದ ನಿಮ್ಮ ಅತ್ತೆಗಾಗಿ ನೋಡಿದ್ದು. ನಿನ್ನ ಫೋನು ಬೀರುವಿನಲ್ಲಿದ್ದ ಅಷ್ಟೂ ದಿನ ಆ ಹುಡುಗಿ ನಿನಗೆ ಫೋನ್ ಮಾಡುತ್ತಲೇ ಇದ್ದಳು. ಅಂದು ರಾತ್ರಿ ನನ್ನ ಫೋನಿನಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ಮುಂದೆ ಏನಾಯಿತು ಎಂಬುದು ಆಕೆಯದು, ಇಲ್ಲಿ ಬರೆಯುವುದಿಲ್ಲ.

ನೀನು ಏನೂ ತೋರಿಸದೆ ಇದ್ದರೂ ನಿನ್ನ ಸಾಲು ಅಪ್ಪನ ಫೋನಿಗೆ ಹೇಗೆ ಹೋಯಿತು? ಅದರಲ್ಲಿ ಮಾಯವೇನೂ ಇಲ್ಲ. ಫೋನು ಕೊಂಡ ಅಂಗಡಿಯ ಹುಡುಗ ಬೇಗ ಮುಗಿಯಲಿ ಎಂದು ನಿನ್ನ ಫೋನಿಗೂ ಅಪ್ಪನ ಜಿಮೇಲ್ ಖಾತೆಯನ್ನೇ ಹಾಕಿ ಕೊಟ್ಟಿದ್ದ. ಗೂಗಲ್ಲಿನ ಲೆಕ್ಕದಲ್ಲಿ ನೀವಿಬ್ಬರೂ ಒಬ್ಬರೇ. ನಮ್ಮ ಕಡೆ ನೂರಾರು ಮನೆಗಳ ಫೋನು ಹೀಗೇ ಇದ್ದಾವು.

ಜಾಲತಾಣಗಳು ನಮ್ಮ ಜಾಡು ಹಿಡಿಯುವುದು ಹೇಗೆಂದು ಒಮ್ಮೆ ಸರಿಯಾಗಿ ತಿಳಿದುಕೋ, ಆಮೇಲೆ ಹೆದರಿಕೆ ಅರ್ಧ ಇಳಿಯುತ್ತದೆ. ಜಾತ್ರೆಯಲ್ಲಿ ಗುಡಿಯ ಮುಂದೆ ಚಪ್ಪಲಿ ಬಿಟ್ಟರೆ ಒಂದು ಬಿಲ್ಲೆ ಕೊಡುತ್ತಾರಲ್ಲ, ಜಾಲತಾಣ ನಿನ್ನ ಬ್ರೌಸರಿಗೆ ಕೊಡುವ ಕುಕಿ ಎಂಬುದು ಅಂಥದ್ದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬುವರು ಮಾಡಿದ್ದು. ಬಂದ ಗಿರಾಕಿ ಮತ್ತೆ ಬಂದರೆ ಗುರುತು ಸಿಗಲಿ ಎಂಬಷ್ಟೇ ಆಗಿನ ಉದ್ದೇಶ. ಚಪ್ಪಲಿ ಕಾಯುವವನು ಒಂದು ಗುಡಿಯವನಾದರೆ ಚಿಂತೆಯಿಲ್ಲ. ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆ, ನಮ್ಮ ಶಹಾಪುರದ ಚರಬಸವೇಶ್ವರನ ಜಾತ್ರೆ, ಮೂರೂ ಕಡೆ ಚಪ್ಪಲಿಯ ಗುತ್ತಿಗೆ ಒಬ್ಬನೇ ಹಿಡಿದಿದ್ದಾನೆ ಎಂದುಕೋ. ಒಂದೇ ನಂಬರಿನ ಬಿಲ್ಲೆ ನೋಡಿ, ಈ ಚಪ್ಪಲಿಯವರು ಎಲ್ಲೆಲ್ಲಿ ಹೋಗಿದ್ದರು, ಎಷ್ಟು ಹೊತ್ತು ನಿಂತರು ಎಂದು ಅವನು ಬರೆದಿಡಬಲ್ಲ. ಜಾಹೀರಾತಿನ ಕಂಪನಿಗಳು ಮಾಡುವುದು ಇದನ್ನೇ. ಅವರ ಗುತ್ತಿಗೆ ಸಾವಿರಾರು ಗುಡಿಯಲ್ಲಿದೆ.

ಆದರೆ ಬಿಲ್ಲೆ ಇರುವುದು ಚಪ್ಪಲಿಗೆ, ಕಾಲಿಗಲ್ಲ. ನಿನ್ನ ಫೋನಿನ ಕುಕಿ ಕಾಲೇಜಿನ ಕಂಪ್ಯೂಟರಿಗೆ ಹಾರಿ ಹೋಗಲಾರದು. ಒಂದು ಯಂತ್ರದಿಂದ ಇನ್ನೊಂದಕ್ಕೆ ನಿನ್ನ ಹಿಂದೆ ಬರುವುದು ನೀನು ಒಳಗೆ ಹೋಗಲು ಕೊಡುವ ಖಾತೆ, ಫೋನ್ ನಂಬರು, ಇಮೇಲ್. ಅವು ಇದ್ದಲ್ಲಿ ಜೋಡಣೆ ಗಟ್ಟಿ. ಇಲ್ಲದಿದ್ದಲ್ಲಿ ಕಂಪನಿಗಳು ಅಂದಾಜು ಹಾಕುತ್ತವೆ: ಈ ಎರಡು ಯಂತ್ರ ರಾತ್ರಿ ಒಂದೇ ವೈಫೈಯಲ್ಲಿ ಮಲಗುತ್ತವೆ, ಬೆಳಿಗ್ಗೆ ಒಂದೇ ದಾರಿಯಲ್ಲಿ ಹೋಗುತ್ತವೆ, ಆದ್ದರಿಂದ ಒಬ್ಬರದೇ ಇರಬೇಕು ಎಂದು. ಅಂದಾಜು ಎಂದು ಹಗುರವಾಗಿಯೂ ತಿಳಿಯಬೇಡ. ಬ್ರೌಸರಿನ ಆವೃತ್ತಿ, ಪರದೆಯ ಅಳತೆ, ಫಾಂಟುಗಳ ಪಟ್ಟಿ ಇಂಥ ಸಣ್ಣ ಗುರುತುಗಳನ್ನು ಕೂಡಿಸಿದರೂ ಸಾಕು, ಬಿಲ್ಲೆಯೇ ಬೇಡ. 2010ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 4 ಲಕ್ಷ 70 ಸಾವಿರದಷ್ಟು ಬ್ರೌಸರ್ ಪರೀಕ್ಷಿಸಿದಾಗ, ಅವುಗಳಲ್ಲಿ ಪ್ರತಿಶತ 83.6ರಷ್ಟು ತಮ್ಮಂಥದ್ದು ಇನ್ನೊಂದಿಲ್ಲದಂತೆ ಕಂಡಿದ್ದವು. ಆದರೂ ಅಲ್ಲಿ ಸಿಕ್ಕದ್ದು ಬ್ರೌಸರಿನ ಗುರುತು. ಅದರ ಮುಂದೆ ಕೂತವರ ಮುಖವಲ್ಲ.

2020ರ ಲಾಕ್‌ಡೌನ್ ನೆನಪಿಸಿಕೋ. ಮನೆಗೆಲ್ಲ ಒಂದೇ ದೊಡ್ಡ ಫೋನು. ಬೆಳಿಗ್ಗೆ ನಿನ್ನ ಪಾಠ, ಮಧ್ಯಾಹ್ನ ತಮ್ಮನ ಆಟ, ಸಂಜೆ ಅಪ್ಪನ ತೊಗರಿ ದರ, ಮಲಗುವ ಮೊದಲು ಆಯಿಯ ಭಜನೆ. ಆ ಫೋನಿನ ಜಾತಕ ಬರೆದ ಕಂಪನಿಗೆ ತೊಗರಿ ದರ ನೋಡುವ, ಆರನೇ ಇಯತ್ತೆಯ ಗಣಿತ ಕಲಿಯುವ, ಬಂದೂಕಿನ ಆಟ ಆಡುವ, ಶರಣರ ಪದ ಕೇಳುವ ಒಬ್ಬನೇ ಮನುಷ್ಯ ಕಂಡಿರಬೇಕು. ಅಂಥ ಮನುಷ್ಯ ಎಲ್ಲಿದ್ದಾನೆ? ನಮ್ಮ ಕಡೆಯ ಮನೆಗಳನ್ನು ಈ ಲೆಕ್ಕ ಹಿಡಿಯಲಾರದು.

ಹಿಡಿಯಲಾರದ ಕಡೆಯೂ ಹಿಡಿದೆವು ಎಂದವರಿಂದ ಏನಾಗುತ್ತದೆ ಎಂಬುದಕ್ಕೆ ನನ್ನ ಅಂಗಡಿಯೊಂದೇ ಸಾಕ್ಷಿಯಲ್ಲ. ಮರುವರ್ಷವೇ, 2007ರ ಆಗಸ್ಟ್ ಕೊನೆಗೆ, ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಪುಣೆಯ ಪೊಲೀಸರು ಹಿಡಿದುಕೊಂಡು ಹೋದರು. ಆರ್ಕುಟ್ ಎಂಬ ಆಗಿನ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪ. ಆಧಾರ ಒಂದು ಐಪಿ ವಿಳಾಸ. ಅದು ಯಾರದೆಂದು ದೂರಸಂಪರ್ಕ ಕಂಪನಿ ಕೊಟ್ಟ ವಿವರವೇ ತಪ್ಪಿತ್ತು. ತಪ್ಪು ಗೊತ್ತಾಗಿ ಆತ ಹೊರಗೆ ಬರುವ ಹೊತ್ತಿಗೆ 50 ದಿನ ಜೈಲಿನಲ್ಲಿ ಕಳೆದಿದ್ದ. ಐಪಿ ವಿಳಾಸ ಎಂಬುದು ನೆಟ್‌ವರ್ಕಿನವರು ಆ ಹೊತ್ತಿಗೆ ಕೈಗಡ ಕೊಡುವ ನಂಬರು. ಈಗಿನ ಮೊಬೈಲ್ ಜಾಲದಲ್ಲಂತೂ ಒಂದೇ ನಂಬರನ್ನು ಒಂದೇ ಗಳಿಗೆಯಲ್ಲಿ ಎಷ್ಟೋ ಮಂದಿ ಹಂಚಿಕೊಂಡಿರುತ್ತಾರೆ. ಗಳಿಗೆ ತಪ್ಪಿದರೆ ಮನುಷ್ಯನೇ ತಪ್ಪುತ್ತಾನೆ.

ಇದೇ ಗೊಂದಲ ನಿಮ್ಮವ್ವನ ತವರು ಸುರಪುರದ ಹಳೆಯ ಕಥೆಯಲ್ಲೂ ಇದೆ. ಅಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದ್ದೀಯ. ಬಾಲಕ ರಾಜಾ ವೆಂಕಟಪ್ಪ ನಾಯಕನನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಮನೆ ಅದು. ಅದೇ ರಾಜ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಚೆಂಗಲ್‌ಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ಪಿಸ್ತೂಲು ಯಾರದೆಂದು ಕಾಗದದಲ್ಲಿದೆ, ಕಾವಲಿನ ಅಧಿಕಾರಿಯದು. ಕುದುರೆ ಎಳೆದ ಬೆರಳು ಯಾರದು? ತಾನೇ ಹೊಡೆದುಕೊಂಡ ಎಂದು ಬ್ರಿಟಿಷರು ಬರೆದರು. ಕೊಂದರು ಎಂದು ಸುರಪುರದವರು ಅಂದಿನಿಂದ ಹೇಳುತ್ತ ಬಂದಿದ್ದಾರೆ. ಪಿಸ್ತೂಲಿನ ಗುರುತಿಗೂ ಬೆರಳಿನ ಗುರುತಿಗೂ ನಡುವಿನ ಆ ಜಾಗವನ್ನು ನೂರಾ ಅರವತ್ತು ವರ್ಷವಾದರೂ ಯಾರೂ ತುಂಬಲಾಗಿಲ್ಲ. ಫೋನಿಗೂ ಫೋನು ಹಿಡಿದವರಿಗೂ ನಡುವೆ ಇರುವುದು ಅದೇ ಜಾಗ, ಯವ್ವಾ. ಅಲ್ಲಿ ನಾವು ನಮ್ಮ ಭಯ ತುಂಬುತ್ತೇವೆ, ನಮ್ಮ ಸಂಶಯ ತುಂಬುತ್ತೇವೆ.

ಹಾಗೆಂದು ಯಾರಿಗೂ ಏನೂ ತಿಳಿಯುವುದಿಲ್ಲ ಎಂದುಕೊಂಡು ನಡೆಯಬೇಡ. ನಿನ್ನ ತಮ್ಮ ಇನ್‌ಕಾಗ್ನಿಟೋ ತೆರೆದು ಮಾಯವಾದೆ ಅನ್ನುತ್ತಾನಲ್ಲ, ಅದು ಫೋನಿಗೆ ಮರೆವು ಕೊಡುತ್ತದೆ ಅಷ್ಟೇ. ಹೋದ ಜಾಲತಾಣಕ್ಕೂ ನೆಟ್‌ವರ್ಕಿಗೂ ಮರೆವು ಬರುವುದಿಲ್ಲ. ಬೀಗದ ಗುರುತಿರುವ ತಾಣವಾದರೆ ನೆಟ್‌ವರ್ಕಿನವರಿಗೆ ತಾಣದ ಹೆಸರು ಕಂಡೀತು, ಒಳಗೆ ಓದಿದ ಪುಟ ಕಾಣದು. ಈ ಇನ್‌ಕಾಗ್ನಿಟೋ ವಿಷಯವಾಗಿಯೇ ಗೂಗಲ್ ಮೇಲೆ 2020ರಲ್ಲಿ ಅಮೆರಿಕದಲ್ಲಿ ದಾವೆ ಬಿತ್ತು. 2024ರಲ್ಲಿ ರಾಜಿಯಾಗಿ, ಕೂಡಿಟ್ಟಿದ್ದ ನೂರಾರು ಕೋಟಿ ದಾಖಲೆ ಅಳಿಸಲು ಕಂಪನಿ ಒಪ್ಪಿತು. ಬೇರೆಯವರ ಗುತ್ತಿಗೆಯ ಬಿಲ್ಲೆಗಳನ್ನು ಫೈರ್‌ಫಾಕ್ಸ್ 2019ರಿಂದ, ಆಪಲ್‌ನವರ ಸಫಾರಿ 2020ರಿಂದ ತಾವಾಗಿಯೇ ತಡೆಯುತ್ತಿವೆ. ಕ್ರೋಮ್ ತಾನೂ ತಡೆಯುತ್ತೇನೆ ಎಂದು 2020ರಲ್ಲಿ ಹೇಳಿ, ಮುಂದೂಡುತ್ತ ಬಂದು ಕೊನೆಗೆ ಆ ಮಾತು ಬಿಟ್ಟುಕೊಟ್ಟಿತು.

ನಿನ್ನದು ಎಂಬುದೊಂದು ಈ ದೇಶದಲ್ಲಿ ನಿನಗಿದೆ, ಅದನ್ನೂ ತಿಳಿದಿರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ನನ್ನಂಥ ಮುದುಕರಿಗೆ ಅದು ಬಲ ಕೊಡುವ ಸಂಗತಿ. ಆಮೇಲೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು, 18 ತುಂಬದ ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆ ಗಮನಿಸಬಾರದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎಂದು ಕಂಪನಿಗಳಿಗೆ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಪೂರ್ತಿ ಜಾರಿಗೆ ಕಂಪನಿಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಆದರೆ ತಂದೆ ಮಗಳ ಫೋನನ್ನು ಎಷ್ಟು ನೋಡಬೇಕು ಎಂದು ಯಾವ ಕಾಯ್ದೆಯೂ ಹೇಳಿಕೊಡುವುದಿಲ್ಲ.

ನಿಮ್ಮಪ್ಪನ ಭಯವನ್ನು ನಾನು ತೆಗೆದುಹಾಕುವುದಿಲ್ಲ. ಫೋಟೋ ತಿರುಚಿ ಹೆದರಿಸುವವರು, ಪ್ರೀತಿಯ ಮಾತಾಡಿ ಹಣ ಕೀಳುವವರು ನಮ್ಮ ಊರಿನ ಮಕ್ಕಳಿಗೂ ಸಿಕ್ಕಿದ್ದಾರೆ. ಅಂಥದ್ದೇನಾದರೂ ನಿನಗೆ ಬಂದರೆ ಹೆದರಿ ಏನನ್ನೂ ಅಳಿಸಬೇಡ. ಅಂದು ದಾಖಲೆಯೇ ನಿನ್ನ ಕಡೆಯ ಸಾಕ್ಷಿ. ಪರದೆಯ ಚಿತ್ರ ತೆಗೆದಿಡು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೇಳು. ಅಪ್ಪನಿಗೆ ಹೇಳಲಾಗದಿದ್ದರೆ ನನಗೆ ಹೇಳು. ಏನು ಮಾಡಿಕೊಂಡಿದ್ದೀ ಎಂದು ಮೊದಲು ಕೇಳುವವನು ನಾನಲ್ಲ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಹೆಚ್ಚಿನದು. ಇವತ್ತು ನಿನ್ನ ಫೋನನ್ನು ಇನ್ನೊಬ್ಬರು ನೋಡಿದರು ಎಂದು ನಿನಗೆ ನೋವಾಗಿದೆ. ನಾಳೆ ತಮ್ಮನ ಫೋನು ನಿನ್ನ ಕೈಗೆ ಸಿಗುತ್ತದೆ, ಮುಂದೆ ಗಂಡನದು, ಅದಕ್ಕೂ ಮುಂದೆ ಮಕ್ಕಳದು. ಯಾರಿಗೂ ತಿಳಿಯದಂತೆ ಫೋನಿನಲ್ಲಿ ಕೂತು ಎಲ್ಲ ಕಳಿಸುವ ಆ್ಯಪ್‌ಗಳು ಇವೆ ಎಂದು ನಿನ್ನ ಗೆಳತಿಯರೇ ಹೇಳಿಯಾರು. ದೊಡ್ಡವರೊಬ್ಬರ ಫೋನಿಗೆ ಅವರ ಒಪ್ಪಿಗೆಯಿಲ್ಲದೆ ಅಂಥದ್ದನ್ನು ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ, ಮೂರು ವರ್ಷದವರೆಗೆ ಸಜೆಯಾದೀತು. ಸಜೆಯ ಮಾತು ಹಾಗಿರಲಿ. ಹಾಗೆ ಕದ್ದು ನೋಡಿದವಳಿಗೆ ಮುಂದೆ ಒಂದು ಕಷ್ಟ ಕಾದಿರುತ್ತದೆ: ಕಂಡದ್ದರ ಬಗ್ಗೆ ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೇಳಿದರೆ ಕದ್ದದ್ದು ಗೊತ್ತಾಗುತ್ತದೆ. ಆಗ ಕಂಡದ್ದಕ್ಕೆಲ್ಲ ತಾನೇ ಅರ್ಥ ಕಟ್ಟುತ್ತ ಕೂರಬೇಕು. ಆ ಹಮಾಲಿಯನ್ನು ಕೂರಿಸಿಕೊಂಡು, ನಾಳೆ ಮಗನನ್ನೂ ಕರೆದುಕೊಂಡು ಬಾ, ಮೂವರೂ ಕೂತು ನೋಡೋಣ ಎಂದು ನಾನು ಹೇಳಿದ್ದರೆ ಸಾಕಿತ್ತು. ಹುಡುಗ ತನ್ನ ತಾಸಿನಲ್ಲಿ ಏನು ಮಾಡಿದೆ ಎಂದು ಹೇಳುತ್ತಿದ್ದ, ಗಡಿಯಾರ ತಪ್ಪಿದ್ದು ಅಲ್ಲೇ ಬಯಲಾಗುತ್ತಿತ್ತು.

ಆ ವರ್ಷದ ರಿಜಿಸ್ಟರನ್ನು ನಾನು ರದ್ದಿಗೆ ಹಾಕಿಲ್ಲ. ಅಟ್ಟದ ಮೇಲಿದೆ. ಹುಡುಗನ ಸಹಿ ಇರುವ ಪುಟವನ್ನು ಈ ಬರಹಕ್ಕಾಗಿ ಮೊನ್ನೆ ತೆಗೆದು ನೋಡಿದೆ. ದುಂಡಗಿನ ಅಕ್ಷರ, ಹೆಸರಿನ ಕೆಳಗೆ ಗೆರೆ ಎಳೆದಿದ್ದಾನೆ.

ರವಿವಾರ ಯಾದಗಿರಿಗೆ ಬಾ, ಫೋನು ತಗೊಂಡು. ಅಪ್ಪನೂ ಬರುತ್ತೇನೆ ಅಂದಿದ್ದಾನೆ. ಅವನ ಖಾತೆಯಲ್ಲಿ ಯಾವ ಯಾವ ಯಂತ್ರ ಸೇರಿಕೊಂಡಿವೆ ಎಂಬ ಪಟ್ಟಿ ತೆಗೆದು, ನಿನ್ನ ಫೋನನ್ನು ಅದರಿಂದ ಬಿಡಿಸೋಣ. ಮೂರು ತಿಂಗಳಿಗಿಂತ ಹಳೆಯ ಹುಡುಕಾಟ ತಾನಾಗಿ ಅಳಿಯುವಂತೆ ಇಬ್ಬರದರಲ್ಲೂ ಹಾಕಿಕೊಡುತ್ತೇನೆ. ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಲು ಖಾತೆ ತೆರೆದಿದ್ದೆ ಅಂದಿದ್ದಿ, ಅಲ್ಲಿಂದಲೂ ಹೊರಗೆ ಬರಬೇಕು, ಅದನ್ನು ಮನೆಯಿಂದಲೇ ಮಾಡಬಹುದು. ಆಮೇಲೆ ನಿನ್ನ ಹೆಸರಿನಲ್ಲಿ ನಿನ್ನದೇ ಖಾತೆ. ನೀನು ಪಾಸ್‌ವರ್ಡ್ ಹಾಕುವಾಗ ನಾನೂ ನಿಮ್ಮಪ್ಪನೂ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇವೆ.